ಕಾಶವ್ವನ ಪಾಲಿಗೆ ಬಂದ ಬಾಗಿಲು

ಅಮೆರಿಕದ ಹ್ಯೂಸ್ಟನ್ ಪಕ್ಕದ ಸೈಪ್ರೆಸ್‌ನಲ್ಲಿ ಯಾರ ಮನೆಗೆ ಊಟಕ್ಕೆ ಹೋದರೂ ಕಾಶವ್ವ ಮೊದಲು ಮಾಡುವ ಕೆಲಸ ಒಂದೇ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಗೆ ನಡೆದು, ಗ್ರಾನೈಟ್ ಕಟ್ಟೆಯ ಮೇಲೆ ಅಂಗೈ ಆಡಿಸಿ ನೋಡುವುದು. ಎರಡು ಕಲ್ಲು ಕೂಡುವ ಜಾಗದಲ್ಲಿ ಬೆರಳು ತಡೆಯಿತೋ, "ಯಾರ ಕಡೆ ಹಾಕಿಸೀರಿ ಇದನ್ನ?" ಎಂದು ಕೇಳುತ್ತಾಳೆ. ಕೇಳುವ ದನಿಯಲ್ಲೇ ತೀರ್ಪೂ ಬಂದಿರುತ್ತದೆ. ಆಮೇಲೆ ಎಷ್ಟು ಹೋಳಿಗೆ ಬಡಿಸಿದರೂ ಆ ಮನೆಯವರ ಮುಖ ಅರಳುವುದಿಲ್ಲ.

ಅವಳು ಇಳಕಲ್ಲಿನ ಕಲ್ಲುಗಣಿ ಮೇಸ್ತ್ರಿ ದಾನಪ್ಪನ ಮಗಳು. ಪಿಯುಸಿ ಪರೀಕ್ಷೆಗೆ ಎರಡು ತಿಂಗಳಿರುವಾಗ ಇರಣ್ಣನ ಜೊತೆ ಮದುವೆಯಾಯಿತು, ಓದು ಅಲ್ಲಿಗೆ ನಿಂತಿತು. ಈಗ ಗಂಡಹೆಂಡತಿಗೆ ಹ್ಯೂಸ್ಟನ್ನಿನ ೨೯೦ ಹೆದ್ದಾರಿಯ ಪಕ್ಕದಲ್ಲಿ ಗ್ರಾನೈಟ್ ಅಂಗಡಿ. ಕೊಯ್ಯುವುದು, ಉಜ್ಜುವುದು ಇರಣ್ಣನ ಪಾಲು. ಗಿರಾಕಿಗಳ ಮನೆಗೆ ಹೋಗಿ, ರಟ್ಟಿನ ಪಟ್ಟಿಗಳನ್ನು ಅಂಟಿಸಿ ಕಟ್ಟೆಯ ಅಚ್ಚು ತೆಗೆದುಕೊಂಡು ಬರುವುದು ಕಾಶವ್ವನದು. ಎಂಟು ವರ್ಷದಲ್ಲಿ ಒಂದೇ ಒಂದು ಸಿಂಕಿನ ಅಳತೆಯೂ ತಪ್ಪಿಲ್ಲ. ಈ ಮಾತನ್ನು ಅವಳು ಬ್ಯಾಂಕಿನವರಿಗೂ ಹೇಳಿದ್ದಾಳೆ, ಹಲ್ಲಿನ ಡಾಕ್ಟರಿಗೂ ಹೇಳಿದ್ದಾಳೆ.

ಐವತ್ತೆರಡನೇ ವಯಸ್ಸಿನಲ್ಲಿ, ಮಗಳು ನೇಹಾಳ ಒತ್ತಾಯಕ್ಕೆ, ಅವಳು ಕಮ್ಯುನಿಟಿ ಕಾಲೇಜಿಗೆ ಸೇರಿದಳು. ಪ್ರತಿ ಶನಿವಾರ, ಸೆಮಿಸ್ಟರಿಗೊಂದು ವಿಷಯ, ಹೀಗೆ ಐದು ವರ್ಷ. ೨೦೦೬ರ ಬೇಸಿಗೆಗೆ, ಸರ್ಟಿಫಿಕೇಟ್ ಕೈಗೆ ಬರಲು ಉಳಿದದ್ದು ಬರೀ ಮೂರು ಕ್ರೆಡಿಟ್, ಒಂದೇ ಒಂದು ವಿಷಯ. ಅದನ್ನು ಗ್ರೀಸಿನ ಹಳೆಯ ಊರುಗಳಿಗೆ ಎರಡು ವಾರ ಕರೆದುಕೊಂಡು ಹೋಗುವ ಪಾಠದಲ್ಲಿ ಮುಗಿಸಬಹುದಿತ್ತು. "ಹೋಗು, ಅದೂ ಕಲ್ಲಿನ ಊರ ಐತಿ" ಎಂದು ಇರಣ್ಣ ಒಂದೇ ಮಾತಿನಲ್ಲಿ ಕಳಿಸಿಕೊಟ್ಟ. ಆದರೆ ಆ ಮೂರು ಕ್ರೆಡಿಟ್ ಸಿಗಬೇಕಾದರೆ ಒಂದು ಷರತ್ತಿತ್ತು. ಪ್ರತಿಯೊಬ್ಬರೂ ಒಂದು ಜಾಗದಲ್ಲಿ ನಿಂತು, ಚೀಟಿ ನೋಡದೆ, ಹತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕು. ಮಾತಾಡದವರು ಫೇಲ್.

ಯಾರಿಗೆ ಯಾವ ಜಾಗ ಎಂದು ಪ್ರೊಫೆಸರ್ ಮಿಸ್ ಕಾರ್ಲಾ ಬೇಸ್‌ಬಾಲ್ ಟೋಪಿಯಲ್ಲಿ ಚೀಟಿ ಹಾಕಿ ಎತ್ತಿಸಿದರು. ಒಬ್ಬನಿಗೆ ದೇವಸ್ಥಾನ ಬಂತು, ಇನ್ನೊಬ್ಬಳಿಗೆ ಓಟದ ಮೈದಾನ. ಕಾಶವ್ವನ ಚೀಟಿಯಲ್ಲಿ ಬಂದದ್ದು ಅಥೆನ್ಸಿನ ಅಕ್ರೊಪೊಲಿಸ್ ಗುಡ್ಡದ ಹೆಬ್ಬಾಗಿಲು. ಅದೂ ಪ್ರವಾಸದ ಕೊನೆಯ ಜಾಗ. ಎರಡು ವಾರವೂ ಹೊಟ್ಟೆಯಲ್ಲಿ ಕಲ್ಲಿಟ್ಟುಕೊಂಡೇ ತಿರುಗಬೇಕು.

ನೇಹಾ ಆ ಬಾಗಿಲಿನ ಬಗ್ಗೆ ಎರಡು ಪುಟ ಬರೆದುಕೊಟ್ಟಳು. ಇನ್ನೆರಡು ಪುಟ ಸೂಟ್‌ಕೇಸಿನ ಮುಚ್ಚಳದ ಒಳಗೆ ಅಂಟಿಸಿದಳು: ಬಿಪಿ ಗುಳಿಗೆ ಯಾವಾಗ, ಮಂಡಿಗೆ ಯಾವ ಪಟ್ಟಿ, ಪಾಸ್‌ಪೋರ್ಟ್ ಚೀಲ ಸ್ನಾನಕ್ಕೆ ಹೋದರೂ ಕೊರಳಲ್ಲೇ. ಏರ್‌ಪೋರ್ಟಿನಲ್ಲಿ ಎರಡು ವರ್ಷದ ಮಗ ನಿಶ್ಚಲನನ್ನು ಕಂಕುಳಲ್ಲಿಟ್ಟುಕೊಂಡು ಅವಳು ಅಳುವುದು ಕಂಡು ಕಾಶವ್ವನಿಗೆ ನಗು ಬಂತು.

"ಏ ಹುಚ್ಚಿ, ನಾ ಏನ್ ಯುದ್ಧಕ್ಕ ಹೊಂಟೀನೇನು?"

"ಮೆಟ್ಲ ಭಾಳ ಅದಾವಂತ ಅವ್ವಾ. ಬಿದ್ದಿ ಅಂದ್ರ?"

"ಬಿದ್ರ ಏಳ್ತೀನಿ. ನೀ ಮೊದಲ ಹುಡುಗನ ಮೂಗ ಒರಸು."

ಜೊತೆಗೆ ನಾಗಮಣಿ ಇದ್ದರು. ಮೈಸೂರಿನವರು, ಸೈಪ್ರೆಸ್‌ನಲ್ಲಿ ಎರಡು ಬೀದಿ ಆಚೆ ಮಗನ ಮನೆಯಲ್ಲಿರುವವರು. "ನಂಗೆ ಕ್ರೆಡಿಟ್ಟೂ ಬೇಡ, ಕ್ರೆಡಿಟ್ ಕಾರ್ಡೂ ಬೇಡ, ಊರು ನೋಡಿದ್ರೆ ಸಾಕು" ಎಂದು ಸುಮ್ಮನೆ ಕೂತು ಕೇಳುವವರ ಪಟ್ಟಿಯಲ್ಲಿ ಸೇರಿದ್ದರು. ಇಬ್ಬರೂ ಸಸ್ಯಾಹಾರಿಗಳು, ಹಾಗಾಗಿ ಒಂದೇ ಕೋಣೆ. ಕಾಶವ್ವ ತಂದಿದ್ದ ಜೋಳದ ಕಟಿ ರೊಟ್ಟಿ ಮೊದಲ ಊರಿಗೇ ಚೂರುಚೂರಾಯಿತು. ಆದರೆ ಅಲ್ಲಿಯ ಗಟ್ಟಿ ಮೊಸರಿಗೆ ಆ ಚೂರು ಹಾಕಿ, ಮೇಲೆ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಉದುರಿಸಿ ತಿಂದ ಮೇಲೆ ನಾಗಮಣಿ ಹೋಟೆಲಿನ ಬ್ರೆಡ್ಡಿನ ಕಡೆ ತಿರುಗಿಯೂ ನೋಡಲಿಲ್ಲ.

ಊರುಗಳು ಒಂದೊಂದಾಗಿ ಕಳೆದವು. ಮೈಸೀನಿಯ ಸಿಂಹದ ಬಾಗಿಲ ಮುಂದೆ ಹತ್ತೊಂಬತ್ತರ ಹುಡುಗಿ ನೀರು ಕುಡಿದ ಹಾಗೆ ಮಾತಾಡಿದಳು. ಡೆಲ್ಫಿಯಲ್ಲಿ ಇನ್ನೊಬ್ಬ ಎಲ್ಲರನ್ನೂ ನಗಿಸಿದ. ಒಂದೊಂದು ಚಪ್ಪಾಳೆಗೂ ಕಾಶವ್ವನ ಜೀವ ಸಣ್ಣದಾಗುತ್ತಿತ್ತು. ಬಸ್ಸಿನಲ್ಲಿ ನೇಹಾಳ ಎರಡು ಪುಟವನ್ನು ಮಗ್ಗಿಯ ಹಾಗೆ ಉರು ಹೊಡೆದಳು. "ಮಾನ್ಯುಮೆಂಟಲ್" ಎಂಬಲ್ಲಿಗೆ ಬಂದರೆ ನಾಲಿಗೆ ಹೊರಳುತ್ತಿರಲಿಲ್ಲ.

ತಂಡದಲ್ಲಿ ಡಗ್ ಎಂಬ ಅಜ್ಜನೊಬ್ಬನಿದ್ದ. ಎಣ್ಣೆ ಕಂಪನಿಯಿಂದ ರಿಟೈರ್ ಆದ ಎಂಜಿನಿಯರ್, ಹೊಸದಾಗಿ ಅಡುಗೆಮನೆ ಕಟ್ಟಿಸುತ್ತಿದ್ದ. ಕಾಶವ್ವನ ಅಂಗಡಿಯ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಅವಳ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ ಕೂತವನು ತಿರುಗಿಯೇ ಉಳಿದ. ಒಲಿಂಪಿಯಾದಿಂದ ಅಥೆನ್ಸಿಗೆ ಬರುವ ದಾರಿಯುದ್ದಕ್ಕೂ ಕಲೆ ಹಿಡಿಯದ ಕಲ್ಲು ಯಾವುದು, ಅಂಚು ದುಂಡಗಿರಬೇಕೋ ಚಪ್ಪಟೆಯೋ, ಹಳೆಯ ಅಂಗಡಿಯವನು ಬಿಟ್ಟ ಬಿರುಕು ತುಂಬುವುದು ಹೇಗೆ ಎಂದು ಕೇಳಿದ. ಕಾಶವ್ವ ಒಂದೊಂದಕ್ಕೂ ಬಿಡಿಸಿ ಬಿಡಿಸಿ ಉತ್ತರ ಹೇಳಿದಳು.

ಅವನು ನಿದ್ದೆಹೋದ ಮೇಲೆ ನಾಗಮಣಿ ಕೇಳಿದರು, "ರೀ, ಇಷ್ಟು ಹೊತ್ತು ಅವರ ಜೊತೆ ಯಾವ ಭಾಷೇಲಿ ಮಾತಾಡಿದ್ರಿ?"

"ಅದು ಅಂಗಡಿ ಮಾತು ರೀ. ಇಂಗ್ಲಿಷ್ ಅಲ್ಲ."

"ಮತ್ತೆ ಡಗ್ ಕನ್ನಡ ಕಲಿತುಬಿಟ್ರಾ?"

"ನೀವೊಬ್ರು! ಅಲ್ಲಿ ನಿಂತು ಮಾತಾಡೂದು ಬ್ಯಾರೆ, ಇದು ಬ್ಯಾರೆ" ಎಂದು ಕಾಶವ್ವ ಮತ್ತೆ ಪುಟ ಬಿಚ್ಚಿದಳು.

ಮರುದಿನ ಬೆಳಿಗ್ಗೆ ಅಕ್ರೊಪೊಲಿಸ್. ಬಿಸಿಲಿಗೆ ಬಿಳಿಗಲ್ಲು ಕಣ್ಣು ಕುಕ್ಕುತ್ತಿತ್ತು. ಮೆಟ್ಟಿಲು ನಿಜವಾಗಿಯೂ ಜಾರುತ್ತಿದ್ದವು, ಆ ಮಟ್ಟಿಗೆ ನೇಹಾ ಗೆದ್ದಳು. ಹೆಬ್ಬಾಗಿಲಿನ ಅರ್ಧ ಭಾಗಕ್ಕೆ ರಿಪೇರಿಗೆಂದು ಕಬ್ಬಿಣದ ಕಂಬಿ ಕಟ್ಟಿದ್ದರು. ಒಂದು ಪಕ್ಕದ ಗೋಡೆಯ ನೆರಳಿನಲ್ಲಿ ಹದಿನಾಲ್ಕು ಮಂದಿ ಅರ್ಧ ವೃತ್ತವಾಗಿ ನಿಂತರು. ಮಿಸ್ ಕಾರ್ಲಾ ಗಡಿಯಾರ ನೋಡಿ ತಲೆಯಾಡಿಸಿದರು.

ಕಾಶವ್ವ ಒಂದು ವಾಕ್ಯ ಹೇಳಿದಳು. ಎರಡನೆಯದೂ ಬಂತು. ಮೂರನೆಯದರಲ್ಲಿ "ಮಾನ್ಯು" ಎಂದವಳು ಅಲ್ಲೇ ನಿಂತಳು. ನೇಹಾಳ ಎರಡೂ ಪುಟ ತಲೆಯಿಂದ ಅಳಿಸಿಹೋದವು. ಕೊರಳಿನ ಪಾಸ್‌ಪೋರ್ಟ್ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಯಾರೋ ಕೆಮ್ಮಿದರು. ನಾಗಮಣಿ ಕಣ್ಣು ಮುಚ್ಚಿಕೊಂಡು ತುಟಿ ಅಲುಗಿಸುತ್ತಿದ್ದರು. ಯಾವ ದೇವರಿಗೆ ಹೇಳಿಕೊಂಡರೋ, ಸುತ್ತ ಇದ್ದ ದೇವರೆಲ್ಲ ಬೇರೆಯವರು.

ಆ ಮೌನ ತುಂಬಲೆಂದೇ ಇರಬೇಕು, ಡಗ್ ಗೋಡೆಯ ಕಡೆ ಕೈ ತೋರಿಸಿದ. ನುಣುಪಾಗಿ ಜೋಡಿಸಿದ ಆ ಕಲ್ಲುಗಳ ಮೇಲೆ ಅಲ್ಲಲ್ಲಿ ಮುಷ್ಟಿಯಷ್ಟು ದಪ್ಪದ ಗುಬುಟುಗಳು ಎದ್ದು ನಿಂತಿದ್ದವು. "ಏನು ಕಾಶಾ, ಇದೆಂಥ ಕೆಟ್ಟ ಕೆಲಸ! ನಿನ್ನ ಅಂಗಡಿಯಿಂದ ಇದನ್ನ ಹೊರಗೆ ಬಿಡ್ತಿದ್ದೆಯಾ?" ಎಂದು ನಕ್ಕ.

ಕೆಟ್ಟ ಕೆಲಸ! ಎಂಟು ವರ್ಷ ಗಿರಾಕಿಗಳ ಬಾಯಿಂದ ಆ ಮಾತು ಬರದಂತೆ ಕಾದವಳು ಕಾಶವ್ವ. ಗೋಡೆ ನೋಡಿದಳು. ಗುಬುಟು ನೋಡಿದಳು. ಸೆರಗು ಬಿಗಿದಳು.

"ನೋ ಸರ್! ನಾಟ್ ಬ್ಯಾಡ್ ವರ್ಕ್. ಜಾಬ್ ನಾಟ್ ಫಿನಿಶ್ಡ್!"

ಆಮೇಲೆ ಅಂಗಡಿ ಮಾತು ತಾನಾಗಿ ಹರಿಯಿತು. ಇಷ್ಟು ಭಾರದ ಕಲ್ಲನ್ನು ಯಾರೂ ತಬ್ಬಿಕೊಂಡು ಎತ್ತುವುದಿಲ್ಲ ಸರ್. ಹಗ್ಗಕ್ಕೆ ಒಂದು ಹಿಡಿ ಬೇಕು. ನಮ್ಮಪ್ಪ ಉದ್ದನೆಯ ಕಲ್ಲು ಕಡಿಯುವಾಗ ಎರಡು ಪಕ್ಕದಲ್ಲಿ ಹೀಗೇ ಒಂದೊಂದು ಮುಷ್ಟಿ ಕಲ್ಲು ಬಿಡುತ್ತಿದ್ದ. ಹಗ್ಗ ಜಾರದಂತೆ ಅದಕ್ಕೆ ಸುತ್ತಿ ಎತ್ತುವುದು, ಕೂರಿಸುವುದು, ಜರುಗಿಸಿ ಸಂದಿ ಮುಚ್ಚುವುದು. ಹಿಡಿಯನ್ನು ಹೊಡೆದು ಹಾಕುವುದು ಎಲ್ಲಕ್ಕಿಂತ ಕೊನೆಗೆ, ಮೇಲೆ ಹೊಳಪು ಕೊಡುವ ಮುಂಚೆ. ಇಲ್ಲಿ ಆ ಕೊನೆಯ ದಿನ ಬರಲೇ ಇಲ್ಲ. ಯುದ್ಧ ಶುರುವಾಯಿತು ಅಂತ ನನ್ನ ಮಗಳ ಪೇಪರಿನಲ್ಲಿದೆ. ಕೆಲಸಗಾರರು ಉಳಿ ಕೆಳಗಿಟ್ಟು ಹೋದರು. ಕೆಲಸ ಕೆಟ್ಟದ್ದೋ ಒಳ್ಳೆಯದೋ ನೋಡಬೇಕಾ? ಬನ್ನಿ, ಸಂದಿ ನೋಡಿ, ಉಗುರು ಹೋಗುತ್ತದಾ ಹೇಳಿ!

ಎಂದವಳೇ ಅಂಗೈಯನ್ನು ಕಲ್ಲಿನ ಮೇಲೆ ಇಟ್ಟಳು. ಪೀಪಿ ಊದಿದ ಸದ್ದಾಯಿತು. ಕಾವಲಿನವಳು ಮುಟ್ಟಬಾರದೆಂದು ಬೆರಳಾಡಿಸುತ್ತ ಓಡಿಬಂದಳು. ಕಾಶವ್ವ ಬಿಸಿ ತಗುಲಿದವಳ ಹಾಗೆ ಕೈ ಹಿಂದಕ್ಕೆಳೆದು, "ಸಾರಿ ಮೇಡಂ, ಒನ್ ಮಿನಿಟ್ ಮೇಡಂ" ಎಂದು ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ಮುಂದುವರಿಸಿದಳು. ಕಾವಲಿನವಳು ಹೋಗಲಿಲ್ಲ. ಪೀಪಿಯನ್ನು ಕೈಯಲ್ಲಿ ಹಿಡಿದು ಅಲ್ಲೇ ನಿಂತು ಕೇಳಿದಳು.

ಮಿಸ್ ಕಾರ್ಲಾ ಕೊನೆಗೆ ಗಡಿಯಾರ ತೋರಿಸಿ ನಿಲ್ಲಿಸಬೇಕಾಯಿತು. ಹದಿನೇಳು ನಿಮಿಷವಾಗಿತ್ತು. ಈ ಗುಬುಟುಗಳನ್ನು ಬೇಕೆಂದೇ ಬಿಟ್ಟರು ಅನ್ನುವ ವಿದ್ವಾಂಸರೂ ಇದ್ದಾರೆ, ಇನ್ನೂ ವಾದ ನಡೆದಿದೆ ಎಂದು ಅವರು ಹೇಳಿದರು.

ಕಾಶವ್ವ ಯೋಚಿಸಿ, "ಅವರನ್ನ ಒಮ್ಮೆ ನಮ್ಮ ಅಂಗಡಿಗೆ ಕಳಿಸಿ ಮೇಡಂ" ಎಂದಳು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಮಿಸ್ ಕಾರ್ಲಾ. ನಗುತ್ತಲೇ ಪುಸ್ತಕದಲ್ಲಿ ಏನೋ ಬರೆದು, ಕಾಶವ್ವನ ಕಡೆ ತಿರುಗಿಸಿ ಹಿಡಿದರು. ಹೆಸರಿನ ಮುಂದೆ ಒಂದು ದೊಡ್ಡ ಎ.

"ಡಗ್‌ಗೆ ಕನ್ನಡ ಬರತ್ತೆ ಅಂತ ನಾನು ಹೇಳ್ಲಿಲ್ವಾ?" ಎಂದರು ನಾಗಮಣಿ, ಕಣ್ಣೊರೆಸಿಕೊಳ್ಳುತ್ತ.

ಸಂಜೆ ಹೋಟೆಲಿನಿಂದ ಕಾರ್ಡು ಹಾಕಿ ಫೋನ್ ಮಾಡಿದಾಗ ಹ್ಯೂಸ್ಟನ್ನಿನಲ್ಲಿ ಇನ್ನೂ ಮಧ್ಯಾಹ್ನವಾಗಿರಲಿಲ್ಲ. ಅಂಗಡಿಯಲ್ಲಿ ಫೋನ್ ಎತ್ತಿದ್ದು ನೇಹಾ.

"ಅವ್ವಾ, ಗುಳಿಗಿ ತಗೊಂಡಿ? ಮೆಟ್ಲ ಮ್ಯಾಲೆ ಜಾರಲಿಲ್ಲಲ್ಲ? ಬಿಸಲಾಗ ಟೊಪಗಿ ಹಾಕ್ಕೊಂಡಿದ್ದಿಲ್ಲೋ?"

"ಪಾಸಾದೆ."

ನೇಹಾ ಮತ್ತೆ ಏರ್‌ಪೋರ್ಟಿನಲ್ಲಿ ಅತ್ತ ಹಾಗೆ ಅಳತೊಡಗಿದಳು. ಅವಳ ಕೈಯಿಂದ ಫೋನ್ ಇಸಿದುಕೊಂಡ ಇರಣ್ಣನಿಗೆ ಕೇಳಬೇಕಾದದ್ದು ಒಂದೇ ಇತ್ತು.

"ಕಲ್ಲ ಹೆಂಗದಾವ?"

"ಕಲ್ಲ ಭಾಳ ಚೊಲೋ ಅದಾವ್ರಿ. ಸಂದಿಯೊಳಗ ಉಗುರ ಹೋಗಂಗಿಲ್ಲ. ಕೆಲಸ ಮಾತ್ರ ಅರ್ಧಕ್ಕ ನಿಂತೈತಿ. ಎರಡೂವರಿ ಸಾವಿರ ವರ್ಷ ಆತು, ಯಾರೂ ತಿರುಗಿ ಬಂದಿಲ್ಲ."

"ಗ್ರೈಂಡರ್ ತಗೊಂಡು ನಾ ಬರಲೇನು?"

"ಬ್ಯಾಡ್ರಿ" ಎಂದಳು ಕಾಶವ್ವ. "ಇಲ್ಲೊಬ್ಬಾಕಿ ಪೀಪಿ ಊದ್ತಾಳ. ನಂದಂತೂ ಮುಗೀತು, ಅಷ್ಟ ಸಾಕು."