ಅತ್ತೆ ಕಟ್ಟಿದ ಲೇಸು

ಸ್ಕಾಟ್ಲೆಂಡಿನ ಒಂದು ಬೆಟ್ಟದ ಬುಡದಲ್ಲಿ, ಟೀ ಅಂಗಡಿಯೊಳಗೆ ಕೂತು ಇದನ್ನು ಬರೆಯುತ್ತಿದ್ದೇನೆ. ಗಂಡನ ಆಫೀಸ್ ಕೆಲಸದ ನೆಪದಲ್ಲಿ ಮೆಲ್ಬರ್ನ್‌ನಿಂದ ಮೂವರೂ ಬಂದಿದ್ದೇವೆ. ಇವತ್ತು ಅವನು ಮೀಟಿಂಗಿಗೆ ಹೋದ. ನಾನೂ ಅತ್ತೆಯೂ ಬೆಟ್ಟ ಹತ್ತಿದೆವು. ಮದುವೆಯಾಗಿ ನಾಲ್ಕು ವರ್ಷವಾದರೂ ನಮ್ಮಿಬ್ಬರ ಮಾತು ಊಟ ತಿಂಡಿ ದಾಟಿರಲಿಲ್ಲ.

ಇಳಿಯುವಾಗ ನನ್ನ ಶೂ ಲೇಸು ಬಿಚ್ಚಿಹೋಯಿತು. ದಾರಿ ತುಂಬ ಒದ್ದೆ ಕಲ್ಲು. ನನಗೀಗ ಆರು ತಿಂಗಳು, ಬಗ್ಗಲು ಹೊಟ್ಟೆ ಬಿಡಲಿಲ್ಲ. ಅತ್ತೆ ನನ್ನ ಕಾಲ ಬಳಿ ಕೂತೇಬಿಟ್ಟರು.

"ಅಯ್ಯೋ ಅತ್ತೆ, ನೀವು ನನ್ನ ಕಾಲು ಮುಟ್ಟೋದಾ? ಬೇಡ."

"ಸುಮ್ನೆ ನಿಂತ್ಕೊ. ನೀನು ಬಿದ್ರೆ ನಾನೇನ್ ಮಾಡ್ಲಿ?"

ಜೀವನವೆಲ್ಲ ಚಪ್ಪಲಿ ಮೆಟ್ಟಿದವರಿಗೆ ಲೇಸು ಕಟ್ಟಿ ಅಭ್ಯಾಸವಿಲ್ಲ. ಎರಡೂ ತುದಿ ಹಿಡಿದು ಕ್ಷಣ ಯೋಚಿಸಿದರು. ಆಮೇಲೆ ಮಲ್ಲಿಗೆ ಕಟ್ಟುವ ಹಾಗೆ ಬೆರಳಿಗೆ ಸುತ್ತಿ, ಎಳೆದು, ಗಂಟು ಹಾಕಿದರು. ಕುರಿಗಳು ಮೇಯುವುದನ್ನು ಬಿಟ್ಟು ನಮ್ಮನ್ನೇ ನೋಡುತ್ತಿದ್ದವು.

"ಈಗ ನನ್ನ ಎಬ್ಬಿಸು," ಎಂದು ನಗುತ್ತಾ ಕೈ ಚಾಚಿದರು. ಬೆರಳುಗಳು ತಣ್ಣಗೆ ಕೊರೆಯುತ್ತಿದ್ದವು. ಎದ್ದು ನಿಂತ ಮೇಲೂ ಅವರು ನನ್ನ ಕೈ ಬಿಡಲಿಲ್ಲ. ನಾನೂ ಬಿಡಿಸಿಕೊಳ್ಳಲಿಲ್ಲ.