ಹೊಸ ಅಳಿಯನನ್ನು ಗುಡ್ಡ ಹತ್ತಿಸಿದ್ದು

ಎಂಬತ್ತರ ದಶಕದ ಮಾತು. ಮದುವೆಯಾದ ಮೊದಲ ದೀಪಾವಳಿಗೆ ಇವರು, ಅಂದರೆ ನನ್ನ ಗಂಡ, ನನ್ನ ತವರಿಗೆ ಬಂದಿದ್ದರು. ಶೇಡಬಾಳದ ಕಡೆಯ ಕಬ್ಬು, ದ್ರಾಕ್ಷಿಯ ಮನೆತನ ಇವರದು. ಆ ಸೀಮೆಯೆಲ್ಲ ಸಪಾಟು. ಹುಟ್ಟಿದಾಗಿನಿಂದ ಇವರು ಹತ್ತಿದ ಎತ್ತರವೆಂದರೆ ಮನೆಯ ಮಾಳಿಗೆಯೊಂದೇ. ನಮ್ಮದು ನಿಪ್ಪಾಣಿ ಹತ್ತಿರ ಗುಡ್ಡದ ಬುಡದ ಊರು. ಆಡು ಕಾಯುತ್ತ ನಾನು ಬೆಳೆದದ್ದೇ ಆ ಗುಡ್ಡದ ಮೇಲೆ. ತುದಿಯಿಂದ ವೇದಗಂಗಾ ನದಿ ಕಾಣುತ್ತದೆ ಎಂದು ಮದುವೆಯಾದ ವಾರದಿಂದಲೇ ಇವರ ತಲೆ ತಿಂದಿದ್ದೆ.

ರೊಟ್ಟಿ ಕಟ್ಟಿಕೊಂಡು ಬೆಳಿಗ್ಗೆ ಹೊರಟೆವು. ನಮ್ಮ ಕಡೆ ಗಂಡ ಮುಂದೆ, ಹೆಂಡತಿ ಹಿಂದೆ. ಹೀಗಾಗಿ ದಾರಿ ಗೊತ್ತಿಲ್ಲದವರು ಮುಂದೆ, ಗೊತ್ತಿದ್ದವಳು ಹಿಂದೆ! ಇವರ ಕಾಲಲ್ಲಿ ಅಪ್ಪ ಹಬ್ಬಕ್ಕೆ ಕೊಟ್ಟ ಹೊಸ ಕೊಲ್ಹಾಪುರಿ ಚಪ್ಪಲಿ. ಮೆತ್ತಗಾಗಲೆಂದು ಅಪ್ಪ ಅದಕ್ಕೆ ದಿನಾ ಎಣ್ಣೆ ಉಣಿಸಿದ್ದರು. ಒಣಹುಲ್ಲಿನ ಮೇಲೆ ಅದು ಒಂದೇ ಸಮ ಜಾರುತ್ತಿತ್ತು. ಬಿಟ್ಟು ನಡೆಯಿರಿ ಎಂದರೆ, ಮಾವ ಕೊಟ್ಟದ್ದನ್ನು ಕೈಯಲ್ಲಿ ಹಿಡಿದು ತಿರುಗಿದರೆ ಅವರಿಗೆ ಅವಮಾನ ಎಂದರು.

ಹಾಸುಬಂಡೆ ಬಂದಾಗ ಎಡಕ್ಕೆ ಹೋಗಬೇಕೆಂದು ಎರಡು ಸಲ ಹೇಳಿದೆ. ಇದೇ ನೆಟ್ಟಗಿದೆ ಎಂದು ಹತ್ತಿಯೇಬಿಟ್ಟರು. ನಡುಬಂಡೆಯಲ್ಲಿ ಒಂದು ಕಾಲು ಜಾರಿತು. ಇವರು ಬೋರಲು ಬಿದ್ದು ಬಂಡೆಯನ್ನು ತಬ್ಬಿಕೊಂಡರು. ಕೆಳಗೆ ಕಲ್ಲು, ಮುಳ್ಳುಕಂಟಿ. ಏನಾದರೂ ಆದರೆ ಅತ್ತೆಗೆ ಏನು ಹೇಳಲಿ ಎಂಬುದು ಮೊದಲು ಹೊಳೆಯಿತು. ಇವರಿಲ್ಲದೆ ನಾನೇನಾದೇನು ಎಂಬುದು ಆಮೇಲೆ.

"ಕಾಲ ಏಳವಲ್ವು," ಎಂದರು, ಕತ್ತು ಹೊರಳಿಸದೆ.

ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ ಎಡಗಡೆಯಿಂದ ಹತ್ತಿ ಇವರ ಪಕ್ಕಕ್ಕೆ ಬಂದೆ. ಚಪ್ಪಲಿ ಬಿಡಿ ಎಂದೆ. ಆ ಸ್ಥಿತಿಯಲ್ಲೂ, ಮಾವ ಏನಂದಾರು ಎಂದು ಕೇಳಿದರು ಪುಣ್ಯಾತ್ಮರು. ನನಗೆ ಸಿಟ್ಟು ನೆತ್ತಿಗೇರಿತು.

"ಅಪ್ಪ ಚಪ್ಪಲಾನೂ ಕೊಟ್ಟಾರ, ಮಗಳನ್ನೂ ಕೊಟ್ಟಾರ. ಯಾವುದನ್ನ ಹಿಡ್ಕೋತೀರಿ ನೋಡ್ರಿ."

ಕೈ ಚಾಚಿದರು. ಗಟ್ಟಿಯಾಗಿ ಹಿಡಿದೆ. ನಾನೇ ಚಪ್ಪಲಿ ಕಳಚಿ ನನ್ನ ಕಂಕುಳಲ್ಲಿ ಇಟ್ಟುಕೊಂಡೆ.

ಎಡಗಡೆಯ ದಾರಿ ಹಿಡಿದು ತುದಿ ಮುಟ್ಟಿದೆವು. ನದಿ ಕಂಡಿತು. ಇವರು ನೋಡಿದರೋ ಇಲ್ಲವೋ, ನಾನಂತೂ ಇಳಿಯುವ ದಾರಿಯನ್ನೇ ನೋಡುತ್ತಿದ್ದೆ. ರೊಟ್ಟಿಯ ಗಂಟು ಬಿಚ್ಚಲೇ ಇಲ್ಲ.

ಇಳಿಯುವಾಗ ನಾನು ಮುಂದೆ. ನಾನು ಕಾಲಿಟ್ಟಲ್ಲೇ ಇವರೂ ಇಡುತ್ತ ಬಂದರು. ಊರು ಹತ್ತಿರವಾದಂತೆ ಬೇರೊಂದು ಹೆದರಿಕೆ ಹತ್ತಿಕೊಂಡಿತು. ಊರಬಾಗಿಲ ಅಗಸಿಯ ಕಟ್ಟೆಯ ಮೇಲೆ ಅಪ್ಪ ಹಿರಿಯರ ಜೊತೆ ಕುಳಿತಿದ್ದರು. ತಲೆ ಮೇಲೆ ಸೆರಗು ಹೊದ್ದು, ಚಪ್ಪಲಿಯನ್ನು ಇವರ ಕೈಗೆ ಕೊಟ್ಟು, ಹಾಕಿಕೊಂಡು ಮುಂದೆ ಹೋಗಿ ಎಂದು ಪಿಸುಗುಟ್ಟಿ ಪಕ್ಕಕ್ಕೆ ಸರಿದೆ. ಇಲ್ಲದಿದ್ದರೆ ಊರಿಗೆಲ್ಲ ವರ್ಷಗಟ್ಟಲೆ ಆಡಿಕೊಳ್ಳಲು ಸಿಗುತ್ತಿತ್ತು.

ಇವರು ಚಪ್ಪಲಿ ಹಾಕಿಕೊಳ್ಳಲಿಲ್ಲ, ಮುಂದೆಯೂ ಬರಲಿಲ್ಲ.

"ದಾರಿ ನಿನಗ ಗೊತ್ತೈತಿ. ನೀನ ನಡಿ," ಎಂದರು, ಕಟ್ಟೆಯವರೆಗೂ ಕೇಳುವ ಹಾಗೆ.

ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡು ಅಪ್ಪನ ಮುಂದೆ ಹಾದುಹೋದೆ. ತಿರುಗಿ ನೋಡುವ ಧೈರ್ಯವಿಲ್ಲದೆ, ಹಿಂದೆ ಬರಿಗಾಲಿನ ಸಪ್ಪಳ ಬರುತ್ತಿದೆಯೇ ಎಂದು ಆಲಿಸುತ್ತ ನಡೆದೆ. ಬರುತ್ತಿತ್ತು.