ಓಬಳಮ್ಮ ಬೆರಳದ್ದಿದ ನೀರು

ಶಿಡ್ಲಘಟ್ಟದ ಚೆನ್ನರಾಯಪ್ಪನವರ ರೇಷ್ಮೆ ನೂಲು ಬಿಚ್ಚುವ ಶೆಡ್ಡಿನಲ್ಲಿ ಆಗ ಹೊಗೆಯದೇ ಯಜಮಾನಿಕೆ. ಗೂಡು ಬೇಯಿಸುವ ನಾಲ್ಕು ಒಲೆ, ಒಂದೊಂದರ ಮೇಲೂ ಒಂದು ನೀರಿನ ಬೇಸಿನ್. ಅವಕ್ಕೆ ಉರಿ ಹಾಕುತ್ತಿದ್ದವಳು ಮೇಲೂರಿನ ಓಬಳಮ್ಮ. ಎಂಬತ್ತೆರಡನೇ ಇಸವಿಯಲ್ಲಿ, ಗಂಡ ತೀರಿಕೊಂಡ ವರ್ಷ, ಕೆಲಸಕ್ಕೆ ಸೇರಿದವಳು. ಬೆಳಗಿನ ಮೊದಲ ಬಸ್ಸಿಗೆ ಬಂದು, ಹುಣಸೆ ಸೌದೆ ಒಟ್ಟಿ, ಕಣ್ಣು ಮೂಗೆಲ್ಲ ಒಂದಾಗುವ ಹಾಗೆ ಊದುತ್ತಿದ್ದಳು. ಹಸಿ ಸೌದೆ ಬಂದ ದಿನ ಒಲೆಗೂ ಬೈಗುಳ, ಯಜಮಾನರಿಗೂ ಬೈಗುಳ.

ನೀರು ಹೆಚ್ಚು ಕಾದರೆ ಎಳೆ ತುಂಡಾಗುತ್ತದೆ, ಕಡಿಮೆ ಕಾದರೆ ಎಳೆ ಏಳುವುದೇ ಇಲ್ಲ. ಹದ ನೋಡಲು ಓಬಳಮ್ಮ ನಾಲ್ಕೂ ಬೇಸಿನ್‌ಗೆ ಬೆರಳದ್ದುತ್ತಿದ್ದಳು. ಹಿಂದೊಮ್ಮೆ ಅವಸರಪಟ್ಟು ಕೈ ಹಾಕಿದ, ನೂಲು ಬಿಚ್ಚುವ ವರಲಕ್ಷ್ಮಮ್ಮನ ಅಂಗೈಯೆಲ್ಲ ಬೊಬ್ಬೆ ಎದ್ದಿತ್ತು. ಅಂದಿನಿಂದ ಓಬಳಮ್ಮ ಬೆರಳದ್ದಿ "ಹೂಂ" ಅನ್ನದೆ ನೂಲು ಬಿಚ್ಚುವ ಹೆಂಗಸರು ಯಾರೂ ನೀರು ಮುಟ್ಟುತ್ತಿರಲಿಲ್ಲ. ಶೆಡ್ಡಿನ ದಿನ ಶುರುವಾಗುತ್ತಿದ್ದದ್ದೇ ಆ ಹೂಂಕಾರದಿಂದ.

ತೊಂಬತ್ತಾರರಲ್ಲಿ ಹೊಸ ಒಲೆ ಬಂತು. ಅರ್ಧ ಸೌದೆ ಸಾಕು, ಹೊಗೆಯಿಲ್ಲ, ಬೆಳಿಗ್ಗೆ ಒಮ್ಮೆ ತುಂಬಿದರೆ ಮಧ್ಯಾಹ್ನದವರೆಗೆ ತಾನೇ ಉರಿಯುತ್ತದೆ. ಎಷ್ಟೊಂದು ಮರ ಉಳಿಯುತ್ತದೆ ನೋಡಿ ಎಂದು ಒಲೆ ಕೂರಿಸಿದವರು ಹೆಮ್ಮೆಪಟ್ಟರು. ಮರವೇನೋ ಉಳಿಯಿತು, ಓಬಳಮ್ಮ ಉಳಿಯಲಿಲ್ಲ. ನಾಳೆಯಿಂದ ಬರುವುದು ಬೇಡ ಎಂದು ಚೆನ್ನರಾಯಪ್ಪನವರು ಅವಳ ಮುಖ ನೋಡದೆ ಹೇಳಿಬಿಟ್ಟರು. ನಲವತ್ತೈದು ದಾಟಿದ ಹೆಂಗಸು, ಉರಿ ಹಾಕುವುದು ಬಿಟ್ಟರೆ ಬೇರೆ ಕೆಲಸ ಕಲಿತವಳಲ್ಲ.

ಮರುದಿನ ನೀರು ಕಾಯಿತು. ಹೆಂಗಸರು ಕೈ ಕಟ್ಟಿ ಕೂತರು. ಯಜಮಾನರು ಒಲೆಯ ಬಿಸಿ ಅಳೆಯುವ ಮೀಟರು ತೋರಿಸಿದರು, ಗದರಿದರು. ಓಬಳಮ್ಮ ಬೆರಳದ್ದಿಲ್ಲವಲ್ಲ ಎನ್ನುವುದೊಂದೇ ಎಲ್ಲರ ಉತ್ತರ. ಕೊನೆಗೆ ಯಜಮಾನರೇ ಲೂನಾ ಹತ್ತಿ ಮೇಲೂರಿಗೆ ಹೋಗಿ ಅವಳನ್ನು ಕರೆತಂದರು.

ಓಬಳಮ್ಮ ನಾಲ್ಕೂ ಬೇಸಿನ್‌ಗೆ ಬೆರಳದ್ದಿದಳು. ಸರಿಯಿಲ್ಲ ಎಂದುಬಿಟ್ಟಿದ್ದರೆ ಕೆಲಸ ಉಳಿಯುತ್ತಿತ್ತು. ಅಷ್ಟು ಜಾಣತನ ಅವಳಿಗೆ ಎಲ್ಲಿಂದ ಬರಬೇಕು?

"ಚೆಂದಾಗಿ ಕಾದೈತಪ್ಪ. ನಾನು ಯಾವತ್ತೂ ಇಷ್ಟು ಹದವಾಗಿ ಕಾಯಿಸಿಲ್ಲ" ಎಂದು ಸೆರಗಿಗೆ ಕೈ ಒರೆಸಿಕೊಂಡು ಬಾಗಿಲ ಕಡೆ ತಿರುಗಿದಳು.

ಯಜಮಾನರು ಗೂಡು ಸುರಿದರು. ಒಬ್ಬರ ಕೈಯೂ ಏಳಲಿಲ್ಲ. ಗೂಡು ಬೇಯುತ್ತಲೇ ಇತ್ತು; ಅತಿಯಾಗಿ ಬೆಂದರೆ ಎಳೆಯೆಲ್ಲ ಹಾಳು.

"ಇವಳಿಗೂ ಇಲ್ಲೊಂದು ಮಣೆ ಹಾಕ್ಸಣ್ಣ, ನೂಲು ಬಿಚ್ಚೋದು ನಾನು ಕಲಿಸ್ತೀನಿ" ಎಂದಳು ವರಲಕ್ಷ್ಮಮ್ಮ. "ಅಲ್ಲೀಗಂಟ ನಾವ್ಯಾರೂ ಕೈ ಇಕ್ಕಲ್ಲ."

ಚೆನ್ನರಾಯಪ್ಪನವರು ಬೇಸಿನ್ ನೋಡಿದರು, ಹೆಂಗಸರನ್ನು ನೋಡಿದರು. ಆಮೇಲೆ ತಾವು ಕೂರುವ ಮಣೆಯನ್ನೇ ತಂದು ಹಾಕಿದರು.

ಓಬಳಮ್ಮ ಕೂತಳು. ಹದಿನಾಲ್ಕು ವರ್ಷದಲ್ಲಿ ಆ ಶೆಡ್ಡಿನೊಳಗೆ ಅವಳು ಕಣ್ಣು ಪೂರ್ತಿ ಬಿಟ್ಟದ್ದು ಅದೇ ಮೊದಲು. ಹೊಗೆಯಿಲ್ಲದ ಬೆಳಕಿನಲ್ಲಿ ಪಕ್ಕದವಳನ್ನು ಬಹಳ ಹೊತ್ತು ನೋಡಿದಳು.

"ವರಲಕ್ಷ್ಮಿ, ನಿನ್ನ ತಲೆ ಯಾವಾಗ ಬೆಳ್ಳಗಾಯ್ತೇ?"